ಸಾಂಚಿನ್: ಬರೀ ಮೂರು ಹೆಜ್ಜೆ ಅಂತ ಬೇಸರ ಮಾಡ್ಕೋಬೇಡಿ

ಆರು ತಿಂಗಳಿಂದ ಕರಾಟೆ ಕ್ಲಾಸಲ್ಲಿ ಮಾಸ್ಟರ್ ಸಾಂಚಿನ್ ಅನ್ನೋ ಒಂದೇ ಕಾಟಾ (ಗೊತ್ತುಪಡಿಸಿದ ಕ್ರಮದಲ್ಲಿ ಮಾಡೋ ಚಲನೆಗಳ ಅಭ್ಯಾಸ) ಮಾಡಿಸ್ತಿದ್ದಾರೆ, ಒದೆತ ಇಲ್ಲ, ನೆಗೆತ ಇಲ್ಲ, ಇದರಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನೂ ಶುರುವಿನಲ್ಲಿ ಹೀಗೇ ಗೊಣಗಿದವನೇ.

ಸಾಂಚಿನ್ ಅಂದರೆ 'ಮೂರು ಕದನ'. ಮನಸ್ಸು, ದೇಹ, ಉಸಿರು ಈ ಮೂರರ ಜೊತೆಗಿನ ಗುದ್ದಾಟ ಅಂತ ಸಾಮಾನ್ಯವಾಗಿ ಅರ್ಥ ಹೇಳ್ತಾರೆ. ಇದರ ಬೇರು ದಕ್ಷಿಣ ಚೀನಾದ ಫೂಜಿಯಾನ್ ಪ್ರಾಂತ್ಯದ್ದು. ಅಲ್ಲಿನ ಫೂಜೌ ನಗರದಲ್ಲಿ ಕಲಿತ ಹಿಗಾವೊನ್ನಾ ಕಾನ್ರ್ಯೊ (1853–1915) ಜಪಾನಿನ ಒಕಿನಾವಾ ದ್ವೀಪದ ನಾಹಾ ಊರಲ್ಲಿ ಇದನ್ನು ಕಲಿಸಿದರು. ಅವರ ಶಿಷ್ಯ ಮಿಯಾಗಿ ಚೋಜುನ್ ಮುಂದೆ ಗೋಜು-ರ್ಯು ಅನ್ನೋ ಕರಾಟೆ ಶೈಲಿ ಕಟ್ಟಿದರು. ಅದೇ ಫೂಜಿಯಾನ್‌ನಲ್ಲಿ ಕಲಿತ ಉಯೆಚಿ ಕಾನ್ಬುನ್ ಅವರ ಪರಂಪರೆಯಲ್ಲೂ ಮೊದಲ ಕಾಟಾ ಇದೇ. ಗೋಜುವಿನಲ್ಲಿ ಮುಷ್ಟಿ ಬಿಗಿ, ಉಯೆಚಿಯಲ್ಲಿ ಅಂಗೈ ಬಿಚ್ಚಿರುತ್ತೆ. ಹಾಗಾಗಿ ಯೂಟ್ಯೂಬ್ ನೋಡಿ ಗೊಂದಲ ಆಗಬೇಡಿ.

ಕೆಲಸ ನಡೆಯೋದು ಕಣ್ಣಿಗೆ ಕಾಣದ ಕಡೆ. ಕಾಲಬೆರಳು ನೆಲ ಹಿಡಿಯಬೇಕು, ಮಂಡಿ ಸ್ವಲ್ಪ ಒಳಕ್ಕೆ, ಸೊಂಟ ಒಳಗೆಳೆದು ಬೆನ್ನು ನೇರ, ಭುಜ ಕೆಳಗೆ, ಮೊಣಕೈ ಪಕ್ಕೆಯ ಹತ್ತಿರ. ಮಾಸ್ಟರ್ ಹಿಂದಿನಿಂದ ಭುಜ, ತೊಡೆಗೆ ತಟ್ಟಿ ನೋಡ್ತಾರಲ್ಲ, ಅದು ಶಿಕ್ಷೆ ಅಲ್ಲ. ಬಿಗಿ ಎಲ್ಲಿ ಸಡಿಲವಾಗಿದೆ ಅಂತ ಹುಡುಕೋ ಪರೀಕ್ಷೆ, ಹೆಸರು ಶಿಮೆ. ಈ ನಿಲುವು ಕೂತರೆ ಗುದ್ದಿಗೆ ಬಲ ತೋಳಿಂದಲ್ಲ, ನೆಲದಿಂದ ಬರುತ್ತೆ.

ಒಂದು ಎಚ್ಚರಿಕೆ: ಉಸಿರು ಕಟ್ಟಿ ಮುಖ ಕೆಂಪಾಗೋ ಹಾಗೆ ಬಿಗಿಯಬೇಡಿ. ಬಿಪಿ ಇದ್ದರೆ ಮೊದಲು ಡಾಕ್ಟರ್‌ನ ಕೇಳಿ, ಮಾಸ್ಟರ್‌ಗೂ ತಿಳಿಸಿ.