ಎರಡು ಕೊಯ್ಲಿನ ಗಡುವು

ವೃತ್ತಿಯ ಸಲಹೆಗೆಂದು ನನ್ನ ಬಳಿ ಬಂದವರು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ, ಇಪ್ಪತ್ತೈದರ ಆಸುಪಾಸಿನ ಯುವತಿ. ಮಲೆನಾಡಿನ ಅಡಿಕೆ ಬೆಳೆಗಾರರ ಮನೆಯವರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕರೆತಂದವರು ತಂದೆ. "ಬಿ.ಇಡಿ. ಮಾಡು ಅಂದರೆ ಕೇಳುವುದಿಲ್ಲ ಮೇಡಂ. ಅಟ್ಟದ ಮೇಲೆ ತಂತಿ, ಡಬ್ಬಿ ಹರಡಿಕೊಂಡು ಕಂಪನಿ ಕಟ್ಟುತ್ತೇನೆ ಅನ್ನುತ್ತಾಳೆ. ನೀವಾದರೂ ಬುದ್ಧಿ ಹೇಳಿ." ಬುದ್ಧಿ ಹೇಳುವುದು ನನ್ನ ಕೆಲಸವಲ್ಲ ಎಂದು ಮನವರಿಕೆ ಮಾಡಿಕೊಡುವುದರಲ್ಲೇ ಸಾಕಷ್ಟು ಹೊತ್ತು ಹೋಯಿತು.

ಆ ಡಬ್ಬಿ ಅಡಿಕೆಯ ತೇವ ಅಳೆಯುವ ಸಾಧನ. ಸರಿಯಾಗಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಒಣಗಿದೆಯೇ ಎಂದು ತಿಳಿಯಲು ಬಹುತೇಕರಿಗೆ ಇಂದಿಗೂ ಕೈ ಮತ್ತು ಹಲ್ಲೇ ಗತಿ. ಬಟ್ಟಲಿನೊಳಗೆ ಎರಡು ಲೋಹದ ಫಲಕ, ನಡುವೆ ಅಡಿಕೆ. ಫಲಕಗಳ ನಡುವಿನ ವಸ್ತು ವಿದ್ಯುದಾವೇಶ ಹಿಡಿದಿಡಲು ಎಷ್ಟು ನೆರವಾಗುತ್ತದೆ ಎಂದು ಹೇಳುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು ಸುಮಾರು 80, ಒಣ ಕಾಳಿನದು ಒಂದಂಕಿಯೊಳಗೆ. ಹಾಗಾಗಿ ತೇವ ಹೆಚ್ಚಿದಂತೆ ಧಾರಕತೆ, ಅಂದರೆ ಫಲಕಗಳು ಆವೇಶ ಹಿಡಿದಿಡುವ ಸಾಮರ್ಥ್ಯ, ಏರುತ್ತದೆ. ಕಾಗದದ ಮೇಲೆ ಇಷ್ಟೇ. ಆದರೆ ಬಟ್ಟಲನ್ನು ಒಮ್ಮೆ ಕುಟ್ಟಿದರೆ ಅಡಿಕೆ ಒತ್ತಾಗಿ ಕೂತು ಅಂಕಿ ಬದಲಾಗುತ್ತದೆ. ಬಿಸಿಲಲ್ಲಿ ಒಂದು, ನೆರಳಲ್ಲಿ ಇನ್ನೊಂದು. ರಾಶಿ ಎಂಬ ಬಗೆಯ ಅಡಿಕೆಗೆ ಹೊಂದಿಸಿದ ಲೆಕ್ಕ ಬೆಟ್ಟೆ ಎಂಬ ಬಗೆಗೆ ಹೊಂದುವುದಿಲ್ಲ. ಪ್ರತಿ ಬಗೆಯನ್ನೂ ಓವನ್‌ನಲ್ಲಿ ಒಣಗಿಸಿ, ಮೊದಲೂ ಆಮೇಲೂ ತೂಗಿ, ತಾಳೆ ನೋಡಬೇಕು. "ಚೊಗರು ದಪ್ಪಗಿದ್ದರೆ ನಿನ್ನ ಅಂಕಿ ಏನಾಗುತ್ತದೆ?" ಎಂದು ತಂದೆ ನಡುವೆ ಬಾಯಿ ಹಾಕಿದರು. ಚೊಗರು ಎಂದರೆ ಬೇಯಿಸಿದ ಅಡಿಕೆಗೆ ಬಣ್ಣಕ್ಕಾಗಿ ಹಚ್ಚುವ ಗಟ್ಟಿ ರಸ. ಮಗಳು ಅದನ್ನು ಯೋಚಿಸಿರಲಿಲ್ಲ. ಮನೆಯಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲವಂತೆ.

"ಇದನ್ನು ಬಳಸಲು ಯಾರ ಕೈಗಾದರೂ ಕೊಟ್ಟಿದ್ದೀರಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ದೋಷ ಶೇಕಡಾ ಒಂದಕ್ಕೆ ಇಳಿಯಲಿ ಎಂದು."

ಗಂಟು ಇದ್ದದ್ದು ಇಲ್ಲಿಯೇ. ವಿಜ್ಞಾನ ಓದಿ ಉದ್ಯಮಕ್ಕೆ ಹೊರಟವರಲ್ಲಿ ತಿರಸ್ಕಾರದ ಭಯ ಎಷ್ಟೋ ಸಲ ನಿಖರತೆಯ ವೇಷದಲ್ಲಿ ಬರುತ್ತದೆ. ಉಪಕರಣ ತಪ್ಪು ಅಂಕಿ ತೋರಿಸಿದರೆ ತಿದ್ದಬಹುದು. ಮಂಡಿಯವರು "ನಮಗಿದು ಬೇಡ" ಅಂದರೆ ತಿದ್ದುವುದು ಯಾವುದನ್ನು? ಆ ಮಾತನ್ನು ಮುಂದೂಡಲು ಅಟ್ಟ ಒಳ್ಳೆಯ ಜಾಗ.

ಚಿಪ್ ತಯಾರಿಸುವ ಇಂಟೆಲ್ ಕಂಪನಿ ಕಟ್ಟಿದ ರಾಬರ್ಟ್ ನೋಯ್ಸ್ ಕೂಡ ಭೌತಶಾಸ್ತ್ರ ಓದಿದವರಲ್ಲವೇ ಎಂದು ಮಗಳು ವಾದಿಸಿದರು. ನಿಜ. ಆದರೆ 1953ರಲ್ಲಿ ಅಮೆರಿಕದ ಎಂಐಟಿಯಿಂದ ಪಿಎಚ್.ಡಿ. ಪಡೆದ ನೋಯ್ಸ್, 1957ರಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಂಪನಿ ಆರಂಭಿಸುವ ಮೊದಲು ಫಿಲ್ಕೋ ಕಂಪನಿಯಲ್ಲೂ ಟ್ರಾನ್ಸಿಸ್ಟರ್ ವಿಜ್ಞಾನಿ ಶಾಕ್ಲಿಯವರ ಪ್ರಯೋಗಾಲಯದಲ್ಲೂ ಸಂಬಳಕ್ಕೆ ದುಡಿದರು. ಇಂಟೆಲ್ ಬಂದದ್ದು 1968ರಲ್ಲಿ. ದೊಡ್ಡವರ ಕಥೆ ಹೇಳುವವರು ಸಂಬಳದ ವರ್ಷಗಳನ್ನು ಹಾರಿಸಿಬಿಡುತ್ತಾರೆ.

ಸಲಹೆ ಕೊಡುವಾಗ ಮೊದಲು ಗಿರಾಕಿಯ ವಿಷಯ ಎತ್ತಿದೆ. ಬೆಳೆಗಾರನ ಕೈಗೆ ಅಳತೆ ಸಿಕ್ಕರೆ ಚೌಕಾಸಿಯ ಬಲ ಅವನ ಕಡೆ ವಾಲುತ್ತದೆ. ಖರೀದಿದಾರರು ಅದನ್ನು ಖುಷಿಯಿಂದ ಕೊಳ್ಳುವುದು ಅನುಮಾನ. ತಿಂಗಳುಗಟ್ಟಲೆ ದಾಸ್ತಾನು ಇಡುವ ಸಹಕಾರ ಸಂಘದ ಗೋದಾಮಿಗೆ ಮಾತ್ರ ಬೂಷ್ಟು ಸ್ವಂತ ನಷ್ಟ. ಅಲ್ಲಿಗೆ ಹೋಗಿ, ಮೆಚ್ಚುಗೆ ಕೇಳಬೇಡಿ, ಬಾಡಿಗೆ ಕೇಳಿ ಎಂದೆ. ವ್ಯಾಪಾರದ ಅಳತೆಗೆ ಬಳಸುವುದಾದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಏನು ಅನುಮತಿ ಬೇಕೆಂದು ಇಲಾಖೆಯಲ್ಲೇ ವಿಚಾರಿಸಲು ಹೇಳಿದೆ.

ಪೇಟೆಂಟ್ ಬಗ್ಗೆ ಅವರಿಗೆ ಆಸೆ ಬಹಳ. ಧಾರಕತೆಯಿಂದ ತೇವ ಅಳೆಯುವುದು ಹಳೆಯ ವಿದ್ಯೆ. ಹೊಸದೇನಾದರೂ ಇದ್ದರೆ ಅದು ಬಟ್ಟಲಿನ ವಿನ್ಯಾಸದಲ್ಲಿರಬಹುದು. ಅದಕ್ಕೆ ತಾತ್ಕಾಲಿಕ ಅರ್ಜಿ ಹಾಕಿಯೇ ಹೊರಗೆ ತೋರಿಸುವುದು ಕ್ಷೇಮ, ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ಇರುತ್ತದೆ. ಅಡಿಕೆಯ ಬಗೆಬಗೆಗೆ ಹೊಂದಿಸಿದ ಅಂಕಿಪಟ್ಟಿಯೇ ನಿಜವಾದ ಆಸ್ತಿ, ಅದನ್ನು ಗುಟ್ಟಾಗಿಡಿ ಎಂದೆ. ಕೆಲಸ ಶುರುವಾದದ್ದು ವಿಶ್ವವಿದ್ಯಾಲಯದ ಪ್ರಾಜೆಕ್ಟಿನಲ್ಲಿ. ಹಾಗಾಗಿ ಯಾವುದು ಯಾರದ್ದು ಎಂಬ ಬಗ್ಗೆ ಮಾರ್ಗದರ್ಶಕರಿಂದಲೂ ಸಂಸ್ಥೆಯಿಂದಲೂ ಲಿಖಿತ ಪತ್ರ ಬೇಕು. "ಸರ್ ಒಳ್ಳೆಯವರು, ಕೇಳಿದರೆ ಬೇಜಾರಾಗುತ್ತಾರೆ" ಎಂದರು. ಒಳ್ಳೆಯವರಿರುವಾಗಲೇ ಕೇಳಬೇಕು.

ದುಡ್ಡಿನ ವಿಷಯದಲ್ಲಿ ನಾನು ತಂದೆಯ ಪಕ್ಷ: ತೋಟದ ಪಹಣಿ ಬ್ಯಾಂಕಿಗೆ ಹೋಗಕೂಡದು. ಮೊದಲ ಮಾದರಿ ತಯಾರಿಸಲು ಕೇಂದ್ರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಗರಿಷ್ಠ 10 ಲಕ್ಷ ರೂಪಾಯಿ ನೆರವಿದೆ, ಹೊಸ ಉದ್ಯಮಗಳಿಗೆ ನೆರವಾಗುವ ಇನ್‌ಕ್ಯುಬೇಷನ್ ಕೇಂದ್ರದ ಮೂಲಕ ಅರ್ಜಿ ಹಾಕಬೇಕು. ಅದು ಸಾಧನಕ್ಕೇ ಹೊರತು ಮನೆಖರ್ಚಿಗಲ್ಲ. ಆದ್ದರಿಂದ ಹತ್ತಿರದ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಪ್ರಯತ್ನಿಸುವುದು. ಅವಧಿ ಎರಡು ಕೊಯ್ಲು. ಅಷ್ಟರೊಳಗೆ ದುಡ್ಡು ಕೊಟ್ಟು ಬಳಸುವ ಒಂದು ಸಂಘವೂ ಸಿಗದಿದ್ದರೆ ನಿಲ್ಲಿಸುವುದು, ಅಲ್ಲಿಯವರೆಗೆ ಬಿ.ಇಡಿ. ಮಾತು, ಮದುವೆ ಮಾತು ಎರಡೂ ಇಲ್ಲ. ತಂದೆ ಎರಡನೆಯದಕ್ಕೆ ಮುಖ ಗಂಟಿಕ್ಕಿದರೂ ಕೊನೆಗೆ ಬರೆದುಕೊಟ್ಟರು.

ಮುಂದಿನ ಭೇಟಿಗೆ ಮಗಳು ಒಬ್ಬರೇ ಬಂದರು. ಒಂದು ಸಂಘ ಬೇಡವೆಂದಿತ್ತು. ಇನ್ನೊಂದರ ಕಾರ್ಯದರ್ಶಿ, ಮಳೆಗಾಲ ಮುಗಿಯುವವರೆಗೆ ಗೋದಾಮಿನಲ್ಲಿ ಇಟ್ಟು ನೋಡುತ್ತೇವೆ, ಬಾಡಿಗೆ ಆಮೇಲೆ ಎಂದಿದ್ದರು. ಬಾಡಿಗೆ ಎಷ್ಟೇ ಕಡಿಮೆಯಾದರೂ ಮೊದಲೇ ನಿಗದಿಯಾಗಲಿ ಎಂದೆ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು, ತಮ್ಮನ ಹೆಸರು ಸೇರಿಸಿ ನೋಂದಾಯಿಸಲೇ ಎಂದು ಕೇಳಿದರು. ಆದಾಯವಿಲ್ಲದ ಕಂಪನಿಯೂ ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸಬೇಕು, ಅದಕ್ಕೂ ಖರ್ಚಿದೆ. ಮಾರ್ಗದರ್ಶಕರ ಪತ್ರ ಇನ್ನೂ ಬಂದಿಲ್ಲ; ಅದು ಕೈಸೇರುವವರೆಗೆ ನೋಂದಣಿಯ ತಂಟೆಗೆ ಹೋಗಬೇಡಿ ಎಂದು ಹೇಳಿ ಕಳಿಸಿದ್ದೇನೆ.