ನಾಯಕತ್ವದ ಅಂಕ ಕಡಿಮೆಯಾದ ರಾತ್ರಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನನ್ನ ಬಳಿ ಸಲಹೆಗೆ ಬಂದವರು ಕಲಬುರಗಿಯ ಒಂದು ಕೃಷಿಸಾಲ ಸಂಸ್ಥೆಯ ಶಾಖಾ ವ್ಯವಸ್ಥಾಪಕರು. ವಯಸ್ಸು ನಲವತ್ತರ ಆಸುಪಾಸು. ನಿದ್ರೆ ಬರುತ್ತಿಲ್ಲ ಎಂಬುದು ಅವರ ದೂರು. ರಕ್ತದೊತ್ತಡ, ಊಟ, ಬಿಸಿಲು ಎಲ್ಲವನ್ನೂ ದೂರಿದ ಮೇಲೆ, ಎದ್ದು ಹೊರಡುವಾಗ ನಿಜವಾದ ಕಾರಣ ಹೊರಬಿತ್ತು.

ಅವರ ಕೈಕೆಳಗಿನ ಇಬ್ಬರು ಕ್ಷೇತ್ರಾಧಿಕಾರಿಗಳಲ್ಲಿ ಒಬ್ಬರನ್ನು ಬಡ್ತಿಗೆ ಶಿಫಾರಸು ಮಾಡಬೇಕಿತ್ತು. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿಯಾಗಿ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ಬಂದ ಮೇಲೆಯೇ ಅಲ್ಲಿ ಸಾಲ ವಸೂಲಿ. ಆಳಂದ, ಜೇವರ್ಗಿ ಕಡೆಯ ವಸೂಲಿಯಲ್ಲಿ ಮಹಿಳಾ ಅಧಿಕಾರಿಯದೇ ಮೇಲುಗೈ. ಆದರೆ ಕಚೇರಿಯಲ್ಲಿ ಒಬ್ಬರು ನಗುತ್ತ ಅಂದರಂತೆ: “ಸಾಹೇಬರು ಯಾರಿಗೆ ಬರೆಯುತ್ತಾರೆಂದು ಗೊತ್ತೇ ಇದೆ. ಚೆಂದದ ಮುಖ ಕಂಡರೆ ಗಂಡಸು ಕರಗದೆ ಇರುತ್ತಾನೆಯೇ?” ಅದೇ ರಾತ್ರಿ ಮೌಲ್ಯಮಾಪನ ಪಟ್ಟಿಯಲ್ಲಿ ಆಕೆಯ ‘ನಾಯಕತ್ವ’ದ ಅಂಕ ಕೆಳಗಿಳಿಯಿತು. ಜೀಪಿನಲ್ಲಿ ಆಕೆಯನ್ನು ಹಳ್ಳಿಗಳಿಗೆ ಕರೆದೊಯ್ಯುವುದೂ ನಿಂತಿತು.

“ಆಕೆ ಸುಂದರಿ ಎಂದು ನನಗೂ ಅನ್ನಿಸಿದೆ ಮೇಡಂ. ಹಾಗಾದರೆ ಅವರಂದದ್ದು ನಿಜವೇ ತಾನೇ?”

ಬಹಳ ಹೊತ್ತು ಹೋದದ್ದು ಈ ಪ್ರಶ್ನೆಗೇ. ಅನ್ನಿಸುವುದು ಬೇರೆ, ಅಂಕ ಬರೆಯುವುದು ಬೇರೆ ಎಂದೆ; ಒಪ್ಪಲಿಲ್ಲ. ಆಗ ಇನ್ನೊಬ್ಬ ಅಧಿಕಾರಿಯ ಬಗ್ಗೆ ಕೇಳಿದೆ. ಎತ್ತರದ ಆಳು, ಮಾತಿನಲ್ಲಿ ಚುರುಕು, ಭಾನುವಾರ ಇವರ ಜೊತೆ ಕ್ರಿಕೆಟ್. ಅವನಿಗೆ ನಾಯಕತ್ವದಲ್ಲಿ ಪೂರ್ತಿ ಅಂಕ ಬಿದ್ದಿತ್ತು, ಯಾರೂ ನಕ್ಕಿರಲಿಲ್ಲ. ಮೈಕಟ್ಟಿನಂಥ ಒಂದು ಗುಣದ ಪ್ರಭಾವಳಿ ಇತರ ಗುಣಗಳ ಅಂಕಕ್ಕೂ ಅಂಟುತ್ತದೆ ಎಂದು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ತೋರಿಸಿದ್ದು ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಿಂದ. ಅಲ್ಲಿ ಗಂಡಸರು ಗಂಡಸರನ್ನೇ ಅಳೆದಿದ್ದರು. ಇದನ್ನು ಕೇಳಿ ಅವರು ಮೊದಲ ಸಲ ಮೌನವಾದರು.

ಪಟ್ಟಿಯನ್ನು ಮತ್ತೆ ಮಾಡಲು ಹೇಳಿದೆ. ಯಾವ ಕೆಲಸಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲೇ ಬರೆದಿಡುವುದು. ಹೆಸರು ಮುಚ್ಚಿದ ವಸೂಲಿ ಲೆಕ್ಕ ಮತ್ತು ರೈತರ ದೂರುಗಳ ಕಡತವನ್ನು ಬೇರೆ ಶಾಖೆಯ ಒಬ್ಬರಿಂದಲೂ ಪ್ರತ್ಯೇಕವಾಗಿ ಅಳೆಸುವುದು. ನಗೆಯಾಡಿದವರಿಗೆ ಸಮಜಾಯಿಷಿ ಬೇಡ, ಲೆಕ್ಕ ತೋರಿಸಿದರೆ ಸಾಕು.

ಜೀಪಿನ ವಿಷಯಕ್ಕೆ ಅವರು ಕಾಯ್ದೆಯನ್ನು ಅಡ್ಡ ತಂದರು. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ತಡೆಯುವುದು ಕಿರುಕುಳವನ್ನು, ಮಹಿಳಾ ಸಹೋದ್ಯೋಗಿಯ ಜೊತೆಗಿನ ಕ್ಷೇತ್ರಭೇಟಿಯನ್ನಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಚೇರಿಯಲ್ಲಿ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ನಿಮ್ಮಲ್ಲಿದೆಯೇ ಎಂದು ಕೇಳಿದೆ. ಇರಲಿಲ್ಲ! ಕಾಯ್ದೆಗೆ ಅಂಜುವವರು ಮೊದಲು ಮಾಡಬೇಕಾದದ್ದು ಅದನ್ನೇ. ಇಬ್ಬರೇ ಜೀಪಿನಲ್ಲಿ ಹೋಗಬಾರದೆಂಬ ನಿಯಮ ಬೇಕೇ ಬೇಕೆಂದರೆ ಅದು ಕ್ರಿಕೆಟ್ ಗೆಳೆಯನಿಗೂ ಅನ್ವಯಿಸಲಿ ಎಂದಾಗ ನಕ್ಕುಬಿಟ್ಟರು.

ಮುಂದಿನ ಭೇಟಿಗೆ ಬಂದಾಗ ಹೊಸ ಪಟ್ಟಿ ಮುಖ್ಯ ಕಚೇರಿಗೆ ಹೋಗಿತ್ತು, ಆಕೆಯ ಹೆಸರು ಮೇಲಿತ್ತು. ಸಮಿತಿ ರಚನೆಗೂ ಪತ್ರ ಬರೆದಿದ್ದಾರೆ. ನಿದ್ರೆ ಪರವಾಗಿಲ್ಲ. ಆದರೆ ಕ್ಷೇತ್ರಭೇಟಿ ತಪ್ಪಿಸಿದ್ದೇಕೆ ಎಂದು ಆಕೆಗೆ ಇನ್ನೂ ಹೇಳಿಲ್ಲ. “ಪಟ್ಟಿ ಸರಿಯಾಯಿತಲ್ಲ, ಅದನ್ನೇಕೆ ಕೆದಕಬೇಕು?” ಎನ್ನುತ್ತಾರೆ. ಕಾರಣ ತಿಳಿಯದ ಆಕೆ ಅದನ್ನು ತನ್ನದೇ ತಪ್ಪೆಂದುಕೊಂಡಿರಬಹುದು ಎಂದು ನಾನು. ಆ ಮಾತು ಇನ್ನೂ ನಡೆದಿದೆ.