ಎಮ್ಮೆ ಇರಲಿ, ಮೊದಲು ಅಲಾರಂ ಅಳಿಸಿ

ಪತ್ರ ಮೈಸೂರಿನಿಂದ. ಹೆಸರು ಬೇಡ ಎಂದಿದ್ದಾರೆ. ಅಕೌಂಟ್ಸ್ ಕೆಲಸ, ಮದುವೆಯಾಗಿ ನಾಲ್ಕು ವರ್ಷ. ನ್ಯೂಜೆರ್ಸಿಯಲ್ಲಿರುವ ದೊಡ್ಡಮ್ಮನ ಮಗ ಇವರನ್ನು ಒಂದು ಆನ್‌ಲೈನ್ ಕೋರ್ಸಿಗೆ ಸೇರಿಸಿದ್ದಾನೆ. ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ಅರಿವಾಗುವುದಕ್ಕೆ ಲೂಸಿಡ್ ಡ್ರೀಮಿಂಗ್ ಅನ್ನುತ್ತಾರೆ. ಆ ಅರಿವಿನಲ್ಲಿ ತಮ್ಮ ‘ಸ್ಪಿರಿಟ್ ಅನಿಮಲ್’ ಅನ್ನು, ಅಂದರೆ ಬದುಕಿಗೆ ದಾರಿ ತೋರುವ ಪ್ರಾಣಿಯನ್ನು, ಭೇಟಿಯಾಗಬೇಕಂತೆ. ನಲವತ್ತು ದಿನದಿಂದ ರಾತ್ರಿ ಮೂರಕ್ಕೆ ಅಲಾರಂ. ಹುಲಿ ಒಂದೇ ಸಲ ಬಂದಿದೆ, ಮುಖ ಕಾಣುವಷ್ಟರಲ್ಲಿ ಎಚ್ಚರ. ಕರೆಯದೆ ಮೂರು ಸಲ ಬಂದು ಅಡುಗೆಮನೆಯ ಸಿಂಕಿನ ಪಕ್ಕ ನಿಂತದ್ದು ಎಮ್ಮೆ. ‘ಅದು ಯಮನ ವಾಹನ, ಓಡಿಸು’ ಎಂದನಂತೆ ಅಣ್ಣ. ಗಂಡ ‘ಇದೆಲ್ಲ ಬುರುಡೆ’ ಎಂದು ಹಾಸಿಗೆ ಸುತ್ತಿಕೊಂಡು ಹಾಲ್‌ನಲ್ಲಿ ಮಲಗಲು ಹೋಗಿದ್ದಾರೆ. ಹುಲಿಗಾಗಿ ಮುಂದುವರಿಯಲಾ, ಗಂಡನ ಮಾತು ಕೇಳಿ ಬಿಡಲಾ ಎಂಬುದು ಪ್ರಶ್ನೆ.

ಎರಡು ಪುಟದಲ್ಲಿ ಒಂದೂವರೆ ಪುಟ ಹುಲಿಯದೇ. ಕೊನೆಗೆ ಆವರಣದೊಳಗೆ ಒಂದು ಸಾಲು: ‘ಮೊನ್ನೆ ಸ್ಕೂಟರಲ್ಲಿ ಹೋಗ್ತಾ ಇದು ಕನಸೋ ನಿಜವೋ ಅಂತ ಬೆರಳು ಎಣಿಸ್ತಾ ಇದ್ದೆ, ರೆಡ್ ಸಿಗ್ನಲ್ ದಾಟಿದ್ದೇ ಗೊತ್ತಾಗ್ಲಿಲ್ಲ.’

ನೋಡಿ ತಾಯಿ, ನಿಮ್ಮ ಪತ್ರ ಶುರುವಾಗಬೇಕಿದ್ದದ್ದೇ ಈ ಸಾಲಿನಿಂದ.

ಬೆರಳೆಣಿಕೆ ತಪ್ಪಲ್ಲ. ಹಗಲಲ್ಲಿ ಅಭ್ಯಾಸವಾದರೆ ಕನಸಿನಲ್ಲೂ ಕೈ ನೋಡಿಕೊಳ್ಳುತ್ತೀರಿ, ಅಲ್ಲಿ ಬೆರಳು ಆರೋ ಏಳೋ ಇರುತ್ತದೆ, ಗುಟ್ಟು ಬಯಲಾಗುತ್ತದೆ. ಇದಕ್ಕಿಂತ ಗಟ್ಟಿ ಪರೀಕ್ಷೆ ಮೂಗಿನದು: ಬಾಯಿ ಮುಚ್ಚಿ, ಮೂಗು ಬಿಗಿಯಾಗಿ ಹಿಡಿದು ಉಸಿರೆಳೆಯಿರಿ. ಕನಸಾಗಿದ್ದರೆ ಉಸಿರು ಸಲೀಸಾಗಿ ಒಳಗೆ ಬರುತ್ತದೆ. ದಿನಕ್ಕೆ ಎಂಟು ಹತ್ತು ಸಲ ಸಾಕು, ಅದೂ ಕೂತಲ್ಲಿ. ಗಾಡಿಯ ಮೇಲೆ, ಒಲೆಯ ಮುಂದೆ, ರಸ್ತೆ ದಾಟುವಾಗ ಬೇಡವೇ ಬೇಡ. ನೀವಾಗಿ ಪರೀಕ್ಷಿಸುವುದು ಅಭ್ಯಾಸ. ಅನುಮಾನ ತಾನಾಗಿ ಬಂದು ಗಾಡಿ ಓಡಿಸುವಾಗಲೂ ತಲೆಯಲ್ಲಿ ಕೂತರೆ ಅದು ನಿದ್ದೆಗೆಟ್ಟ ಮಿದುಳು.

ಲೆಕ್ಕ ನಿಮ್ಮದೇ ಪತ್ರದಲ್ಲಿದೆ. ಮಲಗುವುದು ಹನ್ನೆರಡೂವರೆ, ಅಲಾರಂ ಮೂರಕ್ಕೆ, ಡೈರಿ ಬರೆದು ಡೋಲಿನ ಆಡಿಯೋ ಕೇಳಿ ಮತ್ತೆ ಕಣ್ಣು ಹತ್ತುವಾಗ ನಾಲ್ಕು, ಡಬ್ಬಿ ಕಟ್ಟಲು ಆರಕ್ಕೆ ಏಳಬೇಕು. ನಾಲ್ಕೂವರೆ ಗಂಟೆ ನಿದ್ದೆ, ಅದೂ ಎರಡು ತುಂಡು, ನಲವತ್ತು ದಿನ! ನಿದ್ದೆ ಕದ್ದು ಕನಸು ಕೊಳ್ಳಬೇಡಿ ಎಂದು ಈ ಅಂಕಣ ಎಷ್ಟು ಸಲ ಬರೆದಿದೆಯೋ, ಇನ್ನೊಂದು ಸಲ ಬರೆಯುತ್ತಿದೆ.

ಹುಲಿ ನಿಲ್ಲದಿರುವುದಕ್ಕೂ ಕಾರಣ ಇದೇ. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢನಿದ್ದೆಯೇ ಹೆಚ್ಚು. ಕಣ್ಣುಗುಡ್ಡೆ ಓಡಾಡುವ, ಕನಸು ದಟ್ಟವಾಗಿರುವ ರೆಮ್ ಹಂತ ಆಗ ಕೆಲವೇ ನಿಮಿಷ, ಬೆಳಗಿನ ಹೊತ್ತಿಗೆ ಅರ್ಧ ಗಂಟೆಗೂ ಮೀರುತ್ತದೆ. ಅದಕ್ಕೇ ಮಲಗಿ ಐದು ಗಂಟೆಯಾದ ಮೇಲೆ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು ಮತ್ತೆ ಮಲಗಿ ಎನ್ನುವುದು. ಹತ್ತಕ್ಕೆ ಮಲಗಿದವರಿಗೆ ಅದು ಮೂರು ಗಂಟೆ. ನಿಮಗೆ ಐದೂವರೆ! ನಿಮ್ಮಣ್ಣ ಗಡಿಯಾರದ ಮುಳ್ಳನ್ನು ಕಳಿಸಿದ, ಲೆಕ್ಕ ಕಳಿಸಲಿಲ್ಲ. ಮೂರು ಗಂಟೆ ಬ್ರಾಹ್ಮೀ ಮುಹೂರ್ತ ಎಂದನಂತಲ್ಲ, ಅದು ಶುರುವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮುಂಚೆ. ಮೈಸೂರಿನಲ್ಲಿ ಯಾವ ತಿಂಗಳಲ್ಲೂ ಮೂರಕ್ಕೆ ಬರುವುದಿಲ್ಲ.

ನಿಮ್ಮ ಯಜಮಾನರ ಬಗ್ಗೆ ಪಾಪ ಅನ್ನಿಸುತ್ತದೆ. ಆದರೆ ‘ಬುರುಡೆ’ ಎಂದದ್ದು ತಪ್ಪು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ ಲೂಸಿಡ್ ಕನಸನ್ನು ದಾಖಲಿಸಿದರು. ನಿದ್ದೆಯಲ್ಲಿದ್ದ ಅಲನ್ ವೋರ್ಸ್ಲಿ, ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿಂದ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ ಸಂಕೇತ ಕೊಟ್ಟರು. ಕೆಲವೇ ವರ್ಷದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಕೂಡ ಇದನ್ನೇ ತೋರಿಸಿದರು. ಇದನ್ನು ಅವರಿಗೆ ಓದಿ ಹೇಳಿ.

ಇನ್ನು ಎಮ್ಮೆ. ಯಮ ಏರುವುದು ಕೋಣವನ್ನು, ಎಮ್ಮೆಯನ್ನಲ್ಲ. ಇಷ್ಟಕ್ಕೂ ನಿಮ್ಮಣ್ಣ ಕೂತಿರುವ ದೇಶದಲ್ಲೇ ಲಕೋಟಾ ಎಂಬ ಮೂಲನಿವಾಸಿ ಜನರಿಗೆ ಪವಿತ್ರ ಚಿಲುಮೆಯನ್ನು ತಂದುಕೊಟ್ಟವಳು, ಹೋಗುವಾಗ ಬಿಳಿ ಕಾಡೆಮ್ಮೆ ಕರುವಾಗಿ ಬದಲಾದ ದೇವಿ ಎಂದು ಅವರ ನಂಬಿಕೆ. ಅವರಲ್ಲಿ ದರ್ಶನಕ್ಕೆ ಹೋಗುವವರು ಹಿರಿಯರ ಮಾರ್ಗದರ್ಶನದಲ್ಲಿ ಬೆಟ್ಟದ ಮೇಲೆ ಒಂಟಿಯಾಗಿ ಉಪವಾಸವಿರುತ್ತಾರೆ, ಮೊಬೈಲ್ ಅಲಾರಂ ಇಟ್ಟುಕೊಳ್ಳುವುದಿಲ್ಲ. ನಮ್ಮ ತುಳುನಾಡಿನ ಪಂಜುರ್ಲಿಯೂ ಹಂದಿರೂಪದ ದೈವವೇ. ಅದು ಮನೆತನದ್ದು, ಊರಿನದು. ‘ನನ್ನ ಹಂದಿ ಯಾವುದು’ ಎಂದು ಅಲ್ಲಿ ಯಾರೂ ಕೇಳಿಕೊಂಡು ಹೋಗುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿ ಹಂಚುವುದು ಕೋರ್ಸ್ ಮಾರುವವರ ಅನುಕೂಲಕ್ಕೆ. ಹಂಚುವಾಗ ಎಲ್ಲರಿಗೂ ಹುಲಿ, ಹದ್ದು, ತೋಳವೇ ಬರುತ್ತದೆ, ಹೆಗ್ಗಣ ಯಾರಿಗೂ ಬರುವುದಿಲ್ಲ.

ಅರಿವಿದ್ದ ಕನಸು ನಿಮ್ಮ ನಿರೀಕ್ಷೆಯ ಹಿಂದೆಯೇ ನಡೆಯುತ್ತದೆ. ನಲವತ್ತು ದಿನ ಹುಲಿ ಹುಲಿ ಎಂದದ್ದಕ್ಕೆ ಹುಲಿ ಬಂತು. ನೀವು ಆರ್ಡರ್ ಕೊಟ್ಟದ್ದೇ ತಟ್ಟೆಗೆ ಬಂದರೆ ಅದರಲ್ಲಿ ಸಂದೇಶ ಹುಡುಕುವುದೇನು? ಎಮ್ಮೆ ಕರೆಯದೆ ಬಂದದ್ದು. ಅದಕ್ಕಿಂತ ಮುಖ್ಯ, ಮೂರನೆಯ ಮಹಡಿಯ ಫ್ಲ್ಯಾಟಿನ ಸಿಂಕಿನ ಪಕ್ಕ ಎಮ್ಮೆ ನಿಂತಿದೆ ಎಂದರೆ ಅದು ಕನಸಲ್ಲದೆ ಮತ್ತೇನು? ಪದೇ ಪದೇ ಬರುವ ಇಂಥ ಅಸಂಬದ್ಧ ಗುರುತಿಗಾಗಿ ಅಭ್ಯಾಸಿಗಳು ತಿಂಗಳುಗಟ್ಟಲೆ ಡೈರಿ ತಿರುವುತ್ತಾರೆ. ನಿಮ್ಮ ಮನೆಗೆ ಅದು ಮೂರು ಸಲ ಬಂತು, ಮೂರು ಸಲವೂ ಹಚಾ ಎಂದು ಓಡಿಸಿದಿರಿ. ಮಲಗುವ ಮುಂಚೆ ಹೇಳಿಕೊಳ್ಳಬೇಕಾದ ಮಾತು ಇಷ್ಟೇ: ‘ಮುಂದಿನ ಸಲ ಸಿಂಕಿನ ಹತ್ತಿರ ಎಮ್ಮೆ ಕಂಡರೆ, ಇದು ಕನಸು ಅಂತ ನೆನಪಾಗಬೇಕು.’ ನೆನಪಾದ ಕೂಡಲೇ ಕುಣಿಯಬೇಡಿ, ಹುಲಿ ಮಾಯವಾದದ್ದು ಆ ಸಂಭ್ರಮಕ್ಕೇ. ಎರಡೂ ಅಂಗೈ ಉಜ್ಜಿ, ನೆಲ ಮುಟ್ಟಿ, ಎಮ್ಮೆಯನ್ನೇ ದಿಟ್ಟಿಸದೆ ಸುತ್ತ ಕಣ್ಣಾಡಿಸಿ. ಆಮೇಲೆ ‘ನಿನಗೇನು ಬೇಕು?’ ಎಂದು ಕೇಳಿ. ‘ನೀನು ಯಾರು?’ ಎಂದರೆ ನಿಮಗೆ ಗೊತ್ತಿರುವುದನ್ನೇ ಅದು ಒಪ್ಪಿಸುತ್ತದೆ.

ಇದೆಲ್ಲ ಆಮೇಲೆ. ಈಗ ನನ್ನ ಸಿಟ್ಟೆಲ್ಲ ನಿಮ್ಮಣ್ಣನ ಮೇಲೆ. ಅವನು ಕಳಿಸಿದ ‘ಕನಸಿನ ಕ್ಯಾಪ್ಸೂಲ್’ ಚೀಟಿಯ ಮೇಲೆ ಗ್ಯಾಲಂಟಮೈನ್ ಎಂದಿದೆಯಲ್ಲ, ಅದು ಆಲ್‌ಝೈಮರ್ ರೋಗಿಗಳಿಗೆ ಬರೆಯುವ ಔಷಧ. ಅಮೆರಿಕದಲ್ಲಿ ಪೂರಕ ಆಹಾರದ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತದೆ. ಲೂಸಿಡ್ ಕನಸು ಹೆಚ್ಚಿಸುತ್ತದೆ ಎಂಬುದು ನಿಜವೇ, ವಾಕರಿಕೆ ತರುವುದು, ಎದೆಬಡಿತ ನಿಧಾನವಾಗಿಸುವುದೂ ನಿಜ. ಮುಟ್ಟಬೇಡಿ.

ಮಾಡಬೇಕಾದದ್ದು ಒಂದೇ. ಈ ಪುಟ ಮಡಚುವ ಮುಂಚೆ ಮೂರು ಗಂಟೆಯ ಅಲಾರಂ ಅಳಿಸಿ. ಒಂದು ತಿಂಗಳು ಹನ್ನೊಂದಕ್ಕೆ ಮಲಗಿ ಆರಕ್ಕೆ ಏಳಿ, ಮೊದಲ ವಾರ ಸ್ಕೂಟರ್ ಬಿಟ್ಟು ಬಸ್ಸು ಹತ್ತಿ. ಇಷ್ಟಾದ ಮೇಲೂ ಹಗಲು ಕನಸಿನಂತೆ ತೋರುತ್ತಿದ್ದರೆ ಮನೋವೈದ್ಯರನ್ನು ಕಾಣಿ, ತಡರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ತಿಂಗಳಾದ ಮೇಲೆ ಶನಿವಾರ ರಾತ್ರಿ ಮಾತ್ರ ಪ್ರಯತ್ನ, ಭಾನುವಾರ ಎಂಟರವರೆಗೆ ಮಲಗಲು ಆಗುವುದಾದರೆ.

ಯಜಮಾನರ ಹಾಸಿಗೆ ಇವತ್ತೇ ಒಳಗೆ ಬರಲಿ. ಅಣ್ಣನ ಮೆಸೇಜಿಗೆ ಉತ್ತರ ಬೇಡ.